ಅಡಿಗೆಮನೆಯ ಸಿಂಕಿನಡಿ ಆರ್.ಓ. ಯಂತ್ರ: ಮೊದಲು ನೀರಿನ ಪರೀಕ್ಷೆ, ಆಮೇಲೆ ಜೋಡಣೆ



ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದ ಅನೇಕ ಮನೆಗಳಲ್ಲಿ ಈಗ ಎರಡು ಬಗೆಯ ನೀರಿದೆ. ಒಂದು, ಹಿತ್ತಲಿನಲ್ಲೋ ಹೊಲದಲ್ಲೋ ಕೊರೆಸಿದ ಬೋರಿನ ನೀರು. ಇನ್ನೊಂದು, 2016ರಲ್ಲಿ ಉದ್ಘಾಟನೆಯಾದ ಮಿಷನ್ ಭಗೀರಥ ಯೋಜನೆಯ ನಳದ ನೀರು. ನಳ ಬಾರದ ದಿನ ಬೋರೇ ಗತಿ. ಎರಡೂ ಸೇರದಿದ್ದರೆ ಅಂಗಡಿಯ ಇಪ್ಪತ್ತು ಲೀಟರಿನ ಕ್ಯಾನ್. ಹೀಗಿರುವಾಗ, ಅಡಿಗೆಮನೆಯ ಸಿಂಕಿನ ಕೆಳಗೆ ಒಂದು ಆರ್.ಓ. ಯಂತ್ರ ಕೂಡಿಸಿಬಿಟ್ಟರೆ ಚಿಂತೆ ತೀರುತ್ತದೆಯೆಂದು ಹಲವರು ಯೋಚಿಸುತ್ತಿದ್ದಾರೆ.

ಯಂತ್ರ ಒಳ್ಳೆಯದೇ. ಆದರೆ ಅದು ಎಲ್ಲ ಮನೆಗೂ ಬೇಕಾದುದಲ್ಲ. ಬೇಕಾದ ಮನೆಯಲ್ಲಿಯೂ ಯಾವ ನೀರಿಗೆ, ಯಾವ ದೋಷಕ್ಕೆ ಎಂದು ತಿಳಿಯದೆ ಜೋಡಿಸಿದರೆ ಹಣ ಹೋಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಆ ದೋಷ ಮಕ್ಕಳ ಹಲ್ಲು ಮೂಳೆಗಳಿಗೆ ತಗಲುವಂಥದಾಗಿದ್ದರೆ ಅದನ್ನು ಆಮೇಲೆ ಸರಿಪಡಿಸುವುದು ಸಾಧ್ಯವಿಲ್ಲ. ಆದ್ದರಿಂದ ಈ ತಿಂಗಳು ಇದನ್ನೇ ಕ್ರಮವಾಗಿ ನೋಡೋಣ.

ನಮ್ಮ ನೆಲ, ನಮ್ಮ ನೀರು

ತಾಂಡೂರಿನ ನೆಲದಡಿ ಸುಣ್ಣಕಲ್ಲಿದೆ. ಮನೆಗೆ ಹಾಸುವ ಫರಸಿ ಕಲ್ಲು ಅದೇ. ಅದರ ಮೂಲಕ ಇಳಿದ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇದನ್ನೇ ಗಡಸು ನೀರು ಎನ್ನುತ್ತೇವೆ. ಜಹೀರಾಬಾದ್ ಮತ್ತು ನಾರಾಯಣಖೇಡದ ಕಡೆ ಕಪ್ಪು ಬಸಾಲ್ಟ್ ಬಂಡೆ ಮತ್ತು ಕೆಂಪು ಜಂಬಿಟ್ಟಿಗೆ ನೆಲ ಇವೆ. ಅಲ್ಲಿಯೂ ಒಂದು ಬೋರಿನ ನೀರು ಸಿಹಿಯಾದರೆ ಇನ್ನೂರು ಅಡಿ ದೂರದ ಬೋರಿನ ನೀರು ಸಪ್ಪೆಯೋ ಉಪ್ಪೋ ಆಗಿರುವುದುಂಟು. ನೆರೆಮನೆಯವರ ನೀರು ಒಳ್ಳೆಯದೆಂದು ನಮ್ಮ ನೀರೂ ಒಳ್ಳೆಯದೆನ್ನುವಂತಿಲ್ಲ.

ಗಡಸುತನ ಬಾಯಿಗೆ ತಿಳಿಯುತ್ತದೆ. ಆದರೆ ಮುಖ್ಯವಾದ ಎರಡು ದೋಷಗಳಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ.

ಮೊದಲನೆಯದು ಫ್ಲೋರೈಡ್. ನಮ್ಮ ರಾಜ್ಯದ ನಲ್ಗೊಂಡ ಜಿಲ್ಲೆಯಲ್ಲಿ ಇದರಿಂದ ಬೆನ್ನು ಬಾಗಿ ಕೈಕಾಲು ಸೊಟ್ಟಗಾದವರ ಕಷ್ಟ ದೇಶಕ್ಕೆಲ್ಲ ತಿಳಿದದ್ದೇ. ಎಳೆಯ ವಯಸ್ಸಿನಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ ಕಾಣಿಸುತ್ತವೆ. ಹಲವು ವರ್ಷ ಕುಡಿದರೆ ಮೂಳೆ ಕೀಲುಗಳಿಗೂ ತಗಲುತ್ತದೆ.

ಎರಡನೆಯದು ನೈಟ್ರೇಟ್. ಇದು ಬಹುಮಟ್ಟಿಗೆ ನಾವೇ ನೀರಿಗೆ ಸೇರಿಸುವುದು. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಹಾಕಿದ ಯೂರಿಯಾ, ಬಾವಿಯ ಪಕ್ಕದ ತಿಪ್ಪೆ, ದನದ ಕೊಟ್ಟಿಗೆಯ ಗಂಜಲ, ಶೌಚದ ಗುಂಡಿ, ಇವೆಲ್ಲ ಮಳೆಯೊಡನೆ ಕೆಳಗಿಳಿಯುತ್ತವೆ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ರಕ್ತವು ಪ್ರಾಣವಾಯುವನ್ನು ಹೊರಲಾರದೆ ತುಟಿ, ಉಗುರು ನೀಲಿಯಾಗಬಹುದು. ತಾಯಿಯ ಹಾಲೇ ಇದಕ್ಕೆ ಉತ್ತಮ ರಕ್ಷೆ.

ನೀರು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆದರೆ ಫ್ಲೋರೈಡ್ ಆಗಲಿ ನೈಟ್ರೇಟ್ ಆಗಲಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಸ್ವಲ್ಪ ಹೆಚ್ಚೇ ಆಗುತ್ತವೆ.

ಪರೀಕ್ಷೆ ಹೇಗೆ?

ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಇರಬಹುದಾದ ಪ್ರಮಾಣಗಳು ಹೀಗಿವೆ:

ಕರಗಿದ ಒಟ್ಟು ಲವಣ, ಎಂದರೆ ಟಿ.ಡಿ.ಎಸ್.: 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000.
ಗಡಸುತನ: 200 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 600.
ಫ್ಲೋರೈಡ್: 1.0 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 1.5.
ನೈಟ್ರೇಟ್: 45 ಮಿಲಿಗ್ರಾಂ. ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ.

ಬೋರನ್ನು ಹತ್ತು ನಿಮಿಷ ಓಡಿಸಿ, ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ತಾರೀಖು, ಬೋರಿನ ಆಳ ಬರೆದು ಅಂಟಿಸಿ, ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು. ಅದನ್ನು ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ನಳದ ನೀರನ್ನೂ ಬೇರೆ ಬಾಟಲಿಯಲ್ಲಿ ಕೊಡಿ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷಿಸಿದರೆ ವರ್ಷದ ಪೂರ್ಣ ಚಿತ್ರ ಸಿಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಪೆನ್ನಿನಂಥ ಟಿ.ಡಿ.ಎಸ್. ಮೀಟರು ಒಟ್ಟು ಲವಣವನ್ನು ಮಾತ್ರ ಅಂದಾಜು ಹೇಳುತ್ತದೆ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇವೆಯೇ ಎಂದು ಅದು ಹೇಳಲಾರದು. ಇನ್ನು ಕೆಲವು ಮಾರಾಟಗಾರರು ಎರಡು ಲೋಟಗಳಲ್ಲಿ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹರಿಸುತ್ತಾರೆ. ನಿಮ್ಮ ಮನೆಯ ನೀರು ಕೊಳಕು ಕಂದುಬಣ್ಣಕ್ಕೆ ತಿರುಗುತ್ತದೆ, ಯಂತ್ರದ ನೀರು ತಿಳಿಯಾಗಿಯೇ ಇರುತ್ತದೆ. ಆ ಕಂದುಬಣ್ಣ ನೀರಿನಲ್ಲಿದ್ದ ಕೊಳೆಯಲ್ಲ, ಕರಗಿದ ಕಬ್ಬಿಣದ ಕಡ್ಡಿಯದೇ ತುಕ್ಕು. ಲವಣವಿರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ಕಡ್ಡಿ ಕರಗುತ್ತದೆ, ಅಷ್ಟೇ. ಅತ್ಯುತ್ತಮ ಬಾವಿಯ ನೀರೂ ಈ ಆಟದಲ್ಲಿ ಸೋಲುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಸಂಗಾರೆಡ್ಡಿ ಜಿಲ್ಲೆಯ ನಳಗಳಿಗೆ ಮಂಜೀರಾ ನದಿಯ ಸಿಂಗೂರು ಜಲಾಶಯ ಮುಖ್ಯ ಆಧಾರ. ಹೀಗೆ ನದಿಯಿಂದ ಬಂದು ಸಂಸ್ಕರಿಸಿದ ನೀರಿನಲ್ಲಿ ಲವಣ ಸಾಮಾನ್ಯವಾಗಿ ಕಡಿಮೆ. ನಳದ ನೀರಿನ ವರದಿ ಮೇಲಿನ ಮಿತಿಯೊಳಗಿದ್ದರೆ ಆರ್.ಓ. ಬೇಡ. ಟಿ.ಡಿ.ಎಸ್. 500ಕ್ಕಿಂತ ಕಡಿಮೆಯಿರುವ ಕಡೆ ಈ ಯಂತ್ರಗಳ ಬಳಕೆಯನ್ನು ನಿರ್ಬಂಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಸೂಚಿಸಿದ್ದೂ ನೀರು ವ್ಯರ್ಥವಾಗುತ್ತದೆಂಬ ಕಾರಣಕ್ಕೇ. ಅಂಥ ಮನೆಗೆ ಸಾಧಾರಣ ಶೋಧಕ ಸಾಕು. ಸಂಶಯವಿದ್ದ ದಿನ ಕುದಿಸಿ ಕುಡಿಯಬಹುದು.

ಆದರೆ ವರ್ಷದ ಬಹುಕಾಲ ಬೋರಿನ ನೀರನ್ನೇ ಕುಡಿಯುವ ಮನೆಯಲ್ಲಿ ಫ್ಲೋರೈಡ್, ನೈಟ್ರೇಟ್ ಅಥವಾ ಲವಣ ಮಿತಿ ಮೀರಿದ್ದರೆ ಆರ್.ಓ. ನಿಜವಾಗಿಯೂ ಉಪಯುಕ್ತ.

ಯಂತ್ರ ಕೆಲಸ ಮಾಡುವ ಬಗೆ

ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳಿನೊಳಗಿನ ನೀರು ಉಪ್ಪಿನತ್ತ ಹೊರಬರುತ್ತದೆ. ಇದೇ ಅಭಿಸರಣೆ. 1748ರಲ್ಲಿ ಫ್ರಾನ್ಸಿನ ಅಬೆ ನೊಲೆ ಎಂಬ ವಿಜ್ಞಾನಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ತೋರಿಸಿದ್ದರು. ಉಪ್ಪಿನ ಕಡೆಯಿಂದ ಬಲವಾಗಿ ಒತ್ತಿದರೆ ಇದೇ ಕ್ರಿಯೆ ಹಿಮ್ಮುಖವಾಗುತ್ತದೆ: ನೀರು ಪೊರೆಯನ್ನು ದಾಟುತ್ತದೆ, ಲವಣ ಹಿಂದೆ ಉಳಿಯುತ್ತದೆ. 1959-60ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ಭಾರತದವರೇ ಆದ ಶ್ರೀನಿವಾಸ ಸೌರಿರಾಜನ್ ಇದಕ್ಕೆ ತಕ್ಕ ಪೊರೆಯನ್ನು ತಯಾರಿಸಿದರು.

ಹಿಂದೆ ಉಳಿದ ಲವಣವನ್ನು ಹೊರಹಾಕಲು ಸ್ವಲ್ಪ ನೀರನ್ನು ಬಿಡಲೇಬೇಕು. ಲೆಕ್ಕ ನೋಡಿ. 1200 ಟಿ.ಡಿ.ಎಸ್. ಇರುವ ನಾಲ್ಕು ಲೀಟರ್ ನೀರು ಒಳಗೆ ಹೋಗಿ, 100 ಟಿ.ಡಿ.ಎಸ್. ಇರುವ ಒಂದು ಲೀಟರ್ ಕುಡಿಯಲು ಸಿಕ್ಕಿತೆನ್ನಿ. ಹೊರಬೀಳುವ ಮೂರು ಲೀಟರಿನ ಟಿ.ಡಿ.ಎಸ್. ಸುಮಾರು 1570 ಆಗಿರುತ್ತದೆ. ದಿನಕ್ಕೆ ಇಪ್ಪತ್ತು ಲೀಟರ್ ಕುಡಿಯಲು, ಅಡಿಗೆಗೆ ಬಳಸುವ ಮನೆಯಲ್ಲಿ ಹೀಗೆ ಅರವತ್ತು ಲೀಟರ್ ಹೊರಬೀಳುತ್ತದೆ.

ಜೋಡಣೆಯ ಕ್ರಮ

1. ಸಿಂಕಿಗೆ ಬರುವ ಪೈಪು ಬೋರಿನದೋ ನಳದ್ದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ದೋಷವಿರುವ ನೀರಿಗೇ ಯಂತ್ರ ಜೋಡಿಸಬೇಕು.

2. ಪೊರೆಗೆ ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ ಮೂರು ನಾಲ್ಕು ಕಿಲೋ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು ಒಂದು ಕಿಲೋ ಮಾತ್ರ. ಆದ್ದರಿಂದ ಪಂಪಿರುವ ಯಂತ್ರವನ್ನೇ ಕೊಳ್ಳಬೇಕು. ಅದರ ಪ್ಲಗ್ಗಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟು ನೆಲದಿಂದ ಮೇಲೆ, ನೀರು ತೊಟ್ಟಿಕ್ಕದ ಜಾಗದಲ್ಲಿರಲಿ.

3. ನೀರು ನಿಲ್ಲಿಸಿ, ಸಿಂಕಿನ ಕೆಳಗಿನ ಆಂಗಲ್ ಕಾಕಿನ ಬಳಿ ಕವಲು ಹಾಕಿ, ಅದಕ್ಕೆ ಬೇರೆಯೇ ಒಂದು ಸಣ್ಣ ವಾಲ್ವು ಕೂಡಿಸಿ. ತಿರುಪಿಗೆ ಟೆಫ್ಲಾನ್ ಟೇಪು ಸುತ್ತಿ. ರಿಪೇರಿ ಬಂದಾಗ ಆ ವಾಲ್ವು ಮುಚ್ಚಿದರೆ ಸಾಕು, ಮನೆಯ ಉಳಿದ ನೀರು ನಿಲ್ಲುವುದಿಲ್ಲ.

4. ಮೊದಲು ಮಣ್ಣು, ಕೆಸರು ತಡೆಯುವ ಶೋಧಕ, ಆಮೇಲೆ ಕಾರ್ಬನ್ ಶೋಧಕ, ಆಮೇಲೆ ಪೊರೆ. ಈ ಕ್ರಮ ತಪ್ಪಬಾರದು. ನಳದ ನೀರಿನಲ್ಲಿರುವ ಕ್ಲೋರಿನ್ ಪೊರೆಯನ್ನು ಹಾಳುಮಾಡುತ್ತದೆ, ಅದನ್ನು ಕಾರ್ಬನ್ನೇ ತಡೆಯಬೇಕು. ತಾಂಡೂರಿನಂಥ ಗಡಸು ನೀರಿಗೆ ಪೊರೆಯ ಮೇಲೆ ಸುಣ್ಣ ಕಟ್ಟದಂತೆ ಮಾಡುವ ಇನ್ನೊಂದು ಶೋಧಕವೂ ಬೇಕು.

5. ಶುದ್ಧ ನೀರಿಗೆ ಬೇರೆ ನಲ್ಲಿ ಇರುತ್ತದೆ. ಕಟ್ಟೆಯ ಕಲ್ಲಿಗೆ ರಂಧ್ರ ಕೊರೆಯುವಾಗ ಕಲ್ಲು ಕೊರೆಯುವ ಬಿಟ್ಟನ್ನೇ ಬಳಸಿ, ನೀರು ಹಾಕುತ್ತ, ನಿಧಾನವಾಗಿ ಕೊರೆಯಬೇಕು. ಅವಸರ ಮಾಡಿದರೆ ಕಲ್ಲು ಸೀಳುತ್ತದೆ.

6. ಹೊರಬೀಳುವ ನೀರಿನ ಪೈಪನ್ನು ಮೋರಿಯೊಳಗೆ ತೂರಿಸಬೇಡಿ. ಮೋರಿಯ ಹೊಲಸು ಹಿಂದಕ್ಕೆ ಏರೀತು. ಗೋಡೆಯಾಚೆ ಒಂದು ಡ್ರಮ್ಮಿಗೆ, ಬಾಯಿಗೂ ನೀರಿಗೂ ಅಂತರವಿರುವಂತೆ ಬಿಡಿ. ನೀರು ಉಳಿಸುವ ಆಸೆಯಿಂದ ಈ ಪೈಪನ್ನು ಬಿಗಿದರೆ ಪೊರೆ ಬೇಗನೆ ಕಟ್ಟಿಹೋಗುತ್ತದೆ.

7. ಎಲ್ಲ ಜೋಡಿಸಿದ ಮೇಲೆ ಪ್ರತಿ ಕೀಲಿನ ಕೆಳಗೆ ಒಣ ಕಾಗದ ಹಾಸಿ ಒಂದು ದಿನ ಬಿಡಿ. ಒದ್ದೆಯಾದ ಕಾಗದ ಸೋರುವ ಜಾಗವನ್ನು ತೋರಿಸುತ್ತದೆ. ಮೊದಲ ಎರಡು ಟ್ಯಾಂಕ್ ನೀರನ್ನು ಕುಡಿಯದೆ ಚೆಲ್ಲಿಬಿಡಿ.

ಒಂದು ಸಣ್ಣ ತಿರುಪು, ದೊಡ್ಡ ಹಾನಿ

ಅನೇಕ ಯಂತ್ರಗಳಲ್ಲಿ ಟಿ.ಡಿ.ಎಸ್. ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ರುಚಿಗಾಗಿ ಪೊರೆ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುವುದು ಅದರ ಕೆಲಸ. ಬೋರಿನ ಫ್ಲೋರೈಡ್ 3 ಮಿಲಿಗ್ರಾಂ ಇದ್ದು, ಪೊರೆ ಅದನ್ನು 0.3ಕ್ಕೆ ಇಳಿಸಿತೆನ್ನಿ. ಎರಡನ್ನೂ ಅರ್ಧಕ್ಕರ್ಧ ಬೆರೆಸಿದರೆ 1.65 ಆಗುತ್ತದೆ. ಎಂದರೆ ಮಿತಿ ಮೀರಿದ ನೀರನ್ನೇ, ಯಂತ್ರದ ನೀರೆಂಬ ನಂಬಿಕೆಯಿಂದ, ಮಕ್ಕಳಿಗೆ ಕುಡಿಸಿದಂತಾಯಿತು. ಫ್ಲೋರೈಡ್, ನೈಟ್ರೇಟ್ ಇರುವ ಮನೆಯಲ್ಲಿ ಆ ತಿರುಪನ್ನು ಪೂರ್ತಿ ಮುಚ್ಚಿಸಬೇಕು. ಸಪ್ಪೆ ರುಚಿಗೆ ಹೆದರಬೇಕಾಗಿಲ್ಲ. ದೇಹಕ್ಕೆ ಬೇಕಾದ ಸುಣ್ಣದ ಅಂಶ ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪಿನಿಂದ ದೊರೆಯುತ್ತದೆ.

ನೈಟ್ರೇಟನ್ನು ಪೊರೆಯು ಫ್ಲೋರೈಡಿನಷ್ಟು ಚೆನ್ನಾಗಿ ತಡೆಯುವುದಿಲ್ಲ. ಆದ್ದರಿಂದ ಜೋಡಿಸಿದ ಮೇಲೆ ಶುದ್ಧ ನೀರನ್ನೂ ಒಮ್ಮೆ ಪ್ರಯೋಗಾಲಯಕ್ಕೆ ಕಳಿಸಿ. ಅದರ ವರದಿ ಬಂದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು. ಮುಂದೆ ಮೊದಲ ಶೋಧಕಗಳನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ, ಪೊರೆಯನ್ನು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಈ ಖರ್ಚನ್ನೂ ಸೇರಿಸಿ, ವರ್ಷವಿಡೀ ಕ್ಯಾನಿಗೆ ಕೊಡುವ ಹಣದೊಡನೆ ಹೋಲಿಸಿ ನೋಡಿ. ಬದಲಿಸುವ ಶಕ್ತಿಯಿಲ್ಲದಿದ್ದರೆ ಕೊಳ್ಳದಿರುವುದೇ ಮೇಲು. ಕೆಟ್ಟ ಪೊರೆಯ ಯಂತ್ರ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ಹೊರಬಿದ್ದ ನೀರು

ಡ್ರಮ್ಮಿನ ನೀರಿನಿಂದ ಪಾತ್ರೆ ತೊಳೆಯಬಹುದು, ನೆಲ ಒರೆಸಬಹುದು, ಶೌಚಕ್ಕೆ ಬಳಸಬಹುದು. ದನಕರುಗಳಿಗೆ ಕುಡಿಸಬೇಡಿ. ಫ್ಲೋರೈಡ್ ಅವುಗಳ ಹಲ್ಲು, ಮೂಳೆಗಳನ್ನೂ ಬಿಡುವುದಿಲ್ಲ. ಹಿತ್ತಲಿನ ತೆಂಗು ಸ್ವಲ್ಪ ಉಪ್ಪನ್ನು ತಾಳುತ್ತದೆ. ಹುರುಳಿಕಾಯಿ, ಕಡಲೆಯಂಥ ಗಿಡಗಳು ತಾಳಲಾರವು. ನಮ್ಮ ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಒಂದೇ ಮಡಿಗೆ ದಿನವೂ ಇದನ್ನೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಬಿಳಿ ಉಪ್ಪು ಏಳುತ್ತದೆ.

ಕೊನೆಯದಾಗಿ, ಸಿಂಕಿನ ಕೆಳಗಿನ ಯಂತ್ರ ಒಂದು ಮನೆಯ ನೀರನ್ನು ಮಾತ್ರ ಶುದ್ಧ ಮಾಡುತ್ತದೆ. ಬಾವಿಯ ಬಳಿಯ ತಿಪ್ಪೆಯನ್ನು ದೂರ ಸರಿಸುವುದರಿಂದ, ಯೂರಿಯಾವನ್ನು ಮಣ್ಣಿನ ಪರೀಕ್ಷೆಯಂತೆ, ಬೇಕಾದಷ್ಟೇ ಹಾಕುವುದರಿಂದ ಇಡೀ ಓಣಿಯ ನೀರು ಉಳಿಯುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಪೊರೆಯೂ ಬೇಡ. ಈ ವಾರವೇ ಎರಡು ಬಾಟಲಿ ನೀರನ್ನು, ಬೋರಿನದೊಂದು ನಳದ್ದೊಂದು, ಪರೀಕ್ಷೆಗೆ ಕಳಿಸಿಕೊಡಿ. ಕೊಳ್ಳಬೇಕೇ ಬೇಡವೇ ಎಂಬುದನ್ನು ವರದಿಯೇ ಹೇಳುತ್ತದೆ.