ಖೋರ್ ದಡದ ಕಪ್ಪು-ಬಿಳುಪು

1950-60ರ ದಶಕದ ದುಬೈ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಮರಳಿಗಿಂತ ಮೊದಲು ಕಣ್ಣಿಗೆ ಬೀಳುವುದು ನೀರು. ಮರುಭೂಮಿಯ ಊರು ಅಂದುಕೊಂಡು ಕೂತವರಿಗೆ ಕಾಣುವುದು ದೋಣಿಗಳ ಕೂವೆ, ದಡಕ್ಕೆ ಎಳೆದ ಹಗ್ಗ, ಮೂಟೆ ಹೊತ್ತು ಹಲಗೆಯ ಮೇಲೆ ಇಳಿಯುತ್ತಿರುವ ಬರಿಗಾಲಿನ ಆಳುಗಳು. ಸಮುದ್ರವು ಊರೊಳಗೆ ನಾಲಗೆ ಚಾಚಿದಂತಿರುವ ಈ ಉಪ್ಪುನೀರಿನ ಹರಹಿಗೆ ಅರಬ್ಬಿಯಲ್ಲಿ ಖೋರ್ ಎನ್ನುತ್ತಾರೆ. ಜಗತ್ತಿಗೆಲ್ಲ ಅದು ದುಬೈ ಕ್ರೀಕ್. ಒಂದು ದಡದಲ್ಲಿ ದೇರಾ, ಇನ್ನೊಂದರಲ್ಲಿ ಬರ್ ದುಬೈ. 1833ರಲ್ಲಿ ಅಬುಧಾಬಿಯಿಂದ ಬೇರೆಯಾಗಿ ಬಂದ ಬನಿ ಯಾಸ್ ಬುಡಕಟ್ಟಿನ ಸುಮಾರು 800 ಮಂದಿ ನೆಲೆ ನಿಂತದ್ದು ಇದೇ ಖೋರ್‌ನ ಬಾಯಲ್ಲಿ. ಅವರಿಗೆ ನಾಯಕರಾಗಿದ್ದ ಮಕ್ತೂಮ್ ಮನೆತನವೇ ಇವತ್ತಿಗೂ ಆಳುತ್ತಿದೆ.

ದುಬೈ ಎಂದರೆ ಎಣ್ಣೆ, ಎಣ್ಣೆ ಎಂದರೆ ದುಬೈ ಎಂದು ನಂಬಿದವರು ಈ ಚಿತ್ರಗಳ ಹಿಂದೆ ಬರೆದ ಇಸವಿಗಳನ್ನು ಗಮನಿಸಬೇಕು. ಖೋರ್‌ನ ಬಾಯಿ ವರ್ಷವರ್ಷಕ್ಕೆ ಮರಳು ತುಂಬಿ ಕಟ್ಟಿಕೊಳ್ಳುತ್ತಿತ್ತು. ನೀರು ಇಳಿದ ಹೊತ್ತಿನಲ್ಲಿ ದೊಡ್ಡ ದೋಣಿಗಳು ಒಳಬರಲಾಗದೆ ಹೊರಗೇ ಕಾಯುತ್ತಿದ್ದವು. 1958ರಲ್ಲಿ ಆಳ್ವಿಕೆಗೆ ಬಂದ ಶೇಖ್ ರಶೀದ್ ಕುವೈತ್‌ನಿಂದ ಸಾಲ ತಂದು, ಊರಿನ ವ್ಯಾಪಾರಿಗಳಿಗೆ ಬಾಂಡ್ ಮಾರಿ ಹೂಳೆತ್ತಿಸಿದರು. ಎತ್ತಿದ ಹೂಳೂ ದಂಡವಾಗಲಿಲ್ಲ, ಅದನ್ನು ದಡಕ್ಕೆ ಸುರಿದು ಹೊಸ ನೆಲ ಮಾಡಿಕೊಂಡರು. 1960ರಲ್ಲಿ ವಿಮಾನ ನಿಲ್ದಾಣ, ಮರುವರ್ಷ ವಿದ್ಯುತ್ತು, 1963ರಲ್ಲಿ ಎರಡು ದಡಗಳನ್ನು ಸೇರಿಸಿದ ಮಕ್ತೂಮ್ ಸೇತುವೆ. ಸಮುದ್ರದ ತಳದಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಅದನ್ನು ಹೊತ್ತ ಮೊದಲ ಹಡಗು ಹೊರಟದ್ದು 1969ರಲ್ಲಿ. ಅಂದರೆ ಕೈಗೆ ಕಾಸು ಬರುವ ಮೊದಲೇ ಊರು ಸಾಲ ಮಾಡಿ ಅಂಗಡಿ ತೆರೆದು ಕೂತಿತ್ತು.

ಆ ವಿಮಾನ ನಿಲ್ದಾಣದ ರನ್‌ವೇ ಎಂದರೆ ಒತ್ತಿ ಗಟ್ಟಿ ಮಾಡಿದ ಮರಳು, 1,800 ಮೀಟರ್ ಉದ್ದ. ಡಾಂಬರು ಬಿದ್ದದ್ದು 1965ರಲ್ಲಿ.

ಮನೆಗಳ ಚಿತ್ರಗಳಲ್ಲಿ ಬಡವ-ಬಲ್ಲಿದರ ಗೆರೆ ಸ್ಪಷ್ಟ. ಹೆಚ್ಚಿನವರದು ಖರ್ಜೂರದ ಗರಿ ಹೆಣೆದು ಕಟ್ಟಿದ ಬರಸ್ತಿ. ನಮ್ಮ ಕಡೆಯ ಸೋಗೆ ಗುಡಿಸಲಿನ ದೂರದ ನೆಂಟ ಅನ್ನಿ. ಬಿಸಿಲಿಗೆ ಹಿತ, ಗಾಳಿಗೆ ಹಿತ, ಬೆಂಕಿಗೆ ಮಾತ್ರ ತುತ್ತು: 1894ರಲ್ಲಿ ಹೊತ್ತಿದ ಬೆಂಕಿಯಲ್ಲಿ ದೇರಾದ ಬಹುಪಾಲು ಮನೆಗಳು ಸುಟ್ಟುಹೋಗಿದ್ದವು. ಹಣವಂತರದು ಹವಳದ ಕಲ್ಲಿನ ಮನೆ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಬಸ್ತಕಿಯಾ ಕೇರಿಯಲ್ಲಿ ಮಾಳಿಗೆಗಳ ಮೇಲೆ ಚೌಕಾಕಾರದ ಗಾಳಿಗೋಪುರ. ನಾಲ್ಕೂ ಕಡೆ ಬಾಯಿ, ಒಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡಗೋಡೆ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಒಂದು ಬಾಯಿ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಎದುರಿನ ಬಾಯಿ ಒಳಗಿನ ಸೆಕೆಯನ್ನು ಎಳೆದು ಹೊರಹಾಕುತ್ತದೆ. ಈ ಮನೆಗಳ ಕೋಣೆಗಳೆಲ್ಲ ಉದ್ದಕ್ಕೆ ಚಾಚಿಕೊಂಡು, ಅಗಲದಲ್ಲಿ ಇಕ್ಕಟ್ಟಾಗಿ ಯಾಕಿವೆ ಎಂಬುದಕ್ಕೆ ಉತ್ತರ ತಲೆಯ ಮೇಲೆಯೇ ಇದೆ. ಮಾಳಿಗೆಗೆ ಹಾಸಿದ್ದು ಪೂರ್ವ ಆಫ್ರಿಕಾದಿಂದ ದೋಣಿಯಲ್ಲಿ ಬಂದ ಕಾಂಡ್ಲಾ ಮರದ ತೊಲೆ. ಆ ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ, ಮೂರು ಮೀಟರಿನ ಆಸುಪಾಸು.

ಇದನ್ನೆಲ್ಲ ಹಿಡಿದಿಟ್ಟವರು ಯಾರು? 1940ರ ದಶಕದ ಕೊನೆಗೆ ತೈಲ ಕಂಪನಿಯ ಕೆಲಸಕ್ಕೆ ಬಂದ ಬ್ರಿಟಿಷ್ ಅಧಿಕಾರಿ ರೊನಾಲ್ಡ್ ಕೊಡ್ರೈ ಒಬ್ಬರು. 1958ರಲ್ಲಿ ಬಂದ ಗ್ವಾದರ್ ಮೂಲದ ನೂರ್ ಅಲಿ ರಶೀದ್ ಇನ್ನೊಬ್ಬರು. ಆಳುವವರ ಮನೆಯ ಛಾಯಾಗ್ರಾಹಕರೇ ಆಗಿಬಿಟ್ಟರು. ಮೂರನೆಯವರು ಮುಂಬೈಯ ರಮೇಶ್ ಶುಕ್ಲಾ. 1965ರಲ್ಲಿ ಒಂದು ರೋಲಿಕಾರ್ಡ್ ಕ್ಯಾಮೆರಾದೊಂದಿಗೆ ಹಡಗಿಳಿದವರು. 1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ಹೊಸ ದೇಶದ ಬಾವುಟದ ಕೆಳಗೆ ಅರಸರು ನಿಂತ ಚಿತ್ರ ಅವರದೇ. ಅದು 50 ದಿರ್ಹಂ ನೋಟಿನ ಮೇಲೂ ಬಂತು. ನನಗೆ ಆ ಚಿತ್ರಕ್ಕಿಂತ ಶುಕ್ಲಾ ತೆಗೆದ ಬೀದಿಯ ಚಿತ್ರಗಳೇ ಇಷ್ಟ. ದರ್ಬಾರಿನಲ್ಲಿ ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ, ಬೀದಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಅಂಥ ಬೀದಿಯ ಚಿತ್ರಗಳಲ್ಲಿ ಭಾರತ ಎಲ್ಲೆಲ್ಲೂ ಇಣುಕುತ್ತದೆ. ದೋಣಿಯ ತೇಗ ಮಲಬಾರಿನದು, ಅಂಗಡಿಯ ಬಟ್ಟೆ ಮುಂಬೈಯದು, ಗಲ್ಲೆಯಲ್ಲಿದ್ದದ್ದು ರೂಪಾಯಿ. ದುಬೈಗೆ 1909ರಲ್ಲಿ ಬಂದ ಮೊದಲ ಅಂಚೆ ಕಚೇರಿಯೂ ಭಾರತದ್ದೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅಲ್ಲಿನವರು ಅದರ ಸಹವಾಸ ಬಿಟ್ಟರು. ಜನ ಹೋಗುತ್ತಿದ್ದದ್ದು ಮುಂಬೈಯಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗಿನಲ್ಲಿ. ಹಡಗು ದಡಕ್ಕೆ ಬರುತ್ತಿರಲಿಲ್ಲ. ನಡುನೀರಿನಲ್ಲಿ ಲಂಗರು ಹಾಕಿದಾಗ ಏಣಿಯಿಳಿದು ಸಣ್ಣ ದೋಣಿ ಹತ್ತಬೇಕಿತ್ತು. 1961ರ ಏಪ್ರಿಲ್‌ನಲ್ಲಿ ದುಬೈ ಎದುರಿನ ಕಡಲಲ್ಲಿ ಅಂಥದೊಂದು ಹಡಗು, ‘ದಾರಾ’, ಸ್ಫೋಟಗೊಂಡು 238 ಮಂದಿ ಸತ್ತರು. ನಮ್ಮ ಕರಾವಳಿಯ ಮನೆಗಳ ಆಲ್ಬಂಗಳಲ್ಲೂ ದುಬೈ ಇದೆ: ದೇರಾದ ಗಡಿಯಾರ ಗೋಪುರದ ಮುಂದೆ ಬೆಲ್‌ಬಾಟಂ ತೊಟ್ಟು ನಿಂತ ಚಿಕ್ಕಪ್ಪ, ಹಿಂದೆ ಖಾಲಿ ರಸ್ತೆ. ಆ ಖಾಲಿ ರಸ್ತೆ ಎಷ್ಟು ಬೆಲೆಯದೆಂದು ಆಗ ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

ಪ್ರಸಿದ್ಧ ಚಿತ್ರಗಳ ಅಡಿಬರಹಗಳ ಬಗ್ಗೆ ಒಂದು ತಕರಾರು. ಶೇಖ್‌ಗಳ ಹೆಸರು ಎಡದಿಂದ ಬಲಕ್ಕೆ ಸಾಲಾಗಿ ಇರುತ್ತದೆ. ಕತ್ತೆಯ ಬೆನ್ನಿಗೆ ನೀರಿನ ಡಬ್ಬಿ ಹೇರಿಕೊಂಡು ಬಂದವನು ಬರೀ ‘ನೀರು ಮಾರುವವ’. 1968ರ ಗಣತಿಯಲ್ಲಿ ಇಡೀ ದುಬೈಯ ಜನಸಂಖ್ಯೆ 59,000ದ ಆಸುಪಾಸು. ಹೆಸರು ಕೇಳಿ ಬರೆದುಕೊಳ್ಳಲಾಗದಷ್ಟು ದೊಡ್ಡ ಊರೇನಲ್ಲ.

ಈಗ ಹೋದವರು ಹಳೆಯ ಚಿತ್ರ ಕೈಲಿ ಹಿಡಿದು ಜಾಗ ಗುರುತಿಸಬಹುದಾದ ಕಡೆಗಳು ಕಡಿಮೆ. ಬಸ್ತಕಿಯಾದ ಅರ್ಧದಷ್ಟನ್ನು 1980ರ ದಶಕದಲ್ಲಿ ಕೆಡವಿದರು. ಉಳಿದದ್ದನ್ನು ಅಲ್ ಫಹೀದಿ ಎಂಬ ಹೆಸರಿನಲ್ಲಿ ತೊಳೆದು ಬಳಿದು ಇಟ್ಟಿದ್ದಾರೆ, ತುಸು ಹೆಚ್ಚೇ ಚೊಕ್ಕಟವಾಗಿ. 1979ರಲ್ಲಿ ಮರಳಿನ ನಡುವೆ ಒಂಟಿಯಾಗಿ ಎದ್ದು ನಿಂತ 39 ಅಂತಸ್ತಿನ ಟ್ರೇಡ್ ಸೆಂಟರ್ ಇವತ್ತು ಗಗನಚುಂಬಿಗಳ ಸಾಲಿನಲ್ಲಿ ಗಿಡ್ಡ. ಇನ್ನೂ ಉಳಿದದ್ದು ಅಬ್ರಾ, ದಡದಿಂದ ದಡಕ್ಕೆ ಜನರನ್ನು ದಾಟಿಸುವ ಮರದ ದೋಣಿ. ಒಂದು ದಿರ್ಹಂ ಕೊಟ್ಟು ನಡುವಿನ ಹಲಗೆಯ ಮೇಲೆ ನೀರಿನ ಕಡೆ ಮುಖ ಮಾಡಿ ಕೂರಬೇಕು. ಪಕ್ಕದಲ್ಲಿ ಕೂತವನು ಪೇಶಾವರದವನೋ ಕಾಸರಗೋಡಿನವನೋ, ತರಕಾರಿ ಚೀಲವನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು ದೇರಾದ ಕಡೆ ನೋಡುತ್ತಿರುತ್ತಾನೆ.