ಒಂದೇ ಮ್ಯಾಚ್, ಶೀಲ್ಡ್ ನಿಮ್ದು!

ಲೀಗ್ ಕಪ್ ಬೇಕಂದ್ರೆ ಇಡೀ ಸೀಸನ್ ಪಾಯಿಂಟ್ಸ್ ಕೂಡಿಸಬೇಕು. ನ್ಯೂಜಿಲೆಂಡ್ ರಗ್ಬಿಯ ರ‍್ಯಾನ್‌ಫರ್ಲಿ ಶೀಲ್ಡ್ ಲೆಕ್ಕವೇ ಬೇರೆ. 1902ರಲ್ಲಿ ಅಲ್ಲಿನ ಗವರ್ನರ್ ಕೊಟ್ಟ ಈ ಶೀಲ್ಡ್ ಮೊದಲು ಆಕ್ಲೆಂಡ್‌ಗೆ ಸಿಕ್ತು; 1904ರಲ್ಲಿ ವೆಲಿಂಗ್ಟನ್ ಬಂದು ಗೆದ್ದು ಒಯ್ದಿತು.

ರೂಲ್ ಸಿಂಪಲ್. ಶೀಲ್ಡ್ ಇಟ್ಟುಕೊಂಡಿರೋ ಪ್ರಾಂತ್ಯದ ತಂಡ ತವರಲ್ಲಿ ಆಡುತ್ತೆ. ಸವಾಲು ಹಾಕಿದವರು ಗೆದ್ರೆ ಶೀಲ್ಡ್ ಅವರದು. ಡ್ರಾ ಆದ್ರೆ ಇದ್ದಲ್ಲೇ ಇರುತ್ತೆ. ಸೀಸನ್ ಮುಗಿದಾಗ ಯಾರ ಹತ್ರ ಇದೆಯೋ, ಅವರ ಹತ್ರಾನೇ ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್!

ಆಕ್ಲೆಂಡ್ 1985ರಿಂದ ಸತತ 61 ಸವಾಲು ಗೆದ್ದು ಉಳಿಸಿಕೊಂಡಿತ್ತು. 1993ರಲ್ಲಿ ವೈಕಾಟೊ ಒಂದೇ ಮ್ಯಾಚಲ್ಲಿ ಕಿತ್ಕೊಂಡಿತು. ಅದಕ್ಕೇ ಟೇಬಲ್ ಕೊನೆಯಲ್ಲಿರೋ ತಂಡಕ್ಕೂ ಆಸೆ ಇರುತ್ತೆ: 80 ನಿಮಿಷ ಚೆನ್ನಾಗಿ ಆಡಿದ್ರೆ ಸಾಕು.