ಹಾಸಿಗೆ ಹಿಡಿದ ಮಗುವಿನ ಮನೆಗೆ ಹಾಡು ಹೊತ್ತು ಬರುವವರು

ಮನೆಯಲ್ಲಿ ಮಗುವೊಂದು ಹಾಸಿಗೆ ಹಿಡಿಯಿತೆಂದರೆ ಆ ಮನೆಯ ಸದ್ದುಗಳೆಲ್ಲವೂ ಬದಲಾಗುತ್ತವೆ. ರೇಡಿಯೋ ಮೌನವಾಗುತ್ತದೆ, ಬಂದ ನೆಂಟರು ಪಡಸಾಲೆಯಲ್ಲಿಯೇ ನಿಂತು ಪಿಸುಮಾತಿನಲ್ಲಿ ವಿಚಾರಿಸಿ ಹೊರಟುಹೋಗುತ್ತಾರೆ. ಬಂದಿರುವ ರೋಗವು ರಕ್ತದ ಕ್ಯಾನ್ಸರೋ, ಮೆದುಳಿನ ಗಡ್ಡೆಯೋ, ವರ್ಷದಿಂದ ವರ್ಷಕ್ಕೆ ಸ್ನಾಯುಗಳು ಸೊರಗುತ್ತ ಹೋಗುವ ಹುಟ್ಟುರೋಗವೋ ಆಗಿದ್ದರೆ ಈ ಮೌನವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಮಗುವಿನ ಕಿವಿಗೆ ಬೀಳುವುದು ಔಷಧದ ಸೀಸೆಗಳ ಸದ್ದು, ಆಮ್ಲಜನಕದ ಯಂತ್ರದ ಮೊರೆತ, ಹಿರಿಯರ ನಿಟ್ಟುಸಿರು ಇಷ್ಟೇ.

ಇಂತಹ ಮನೆಗಳ ಬಾಗಿಲು ತಟ್ಟಿ, ಬಗಲಿಗೊಂದು ಗಿಟಾರು, ಚೀಲದಲ್ಲಿ ಗಿಲಿಕೆ, ಗೆಜ್ಜೆ, ಸಣ್ಣ ಚರ್ಮವಾದ್ಯಗಳನ್ನು ಹೊತ್ತು ಒಳಬರುವ ವೃತ್ತಿನಿರತರು ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಇದ್ದಾರೆ. ಅವರಿಗೆ ಸಂಗೀತ ಚಿಕಿತ್ಸಕರೆಂದು ಹೆಸರು. ಅವರ ಕೆಲಸವೆಂತಹುದೆಂಬುದನ್ನು ನಮ್ಮ ಕುಟುಂಬಗಳವರೂ ತಿಳಿದುಕೊಳ್ಳುವುದು ಅವಶ್ಯ. ಏಕೆಂದರೆ ಸಂಗೀತ ಚಿಕಿತ್ಸೆಯೆಂಬ ಮಾತು ನಮ್ಮಲ್ಲಿ ಬೇರೆಯೇ ಅರ್ಥದಲ್ಲಿ ಓಡಾಡುತ್ತಿದೆ. ಆ ವಿಚಾರಕ್ಕೆ ಮುಂದೆ ಬರೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ನುಡಿಸತೊಡಗಿದಾಗ, ಕೇವಲ ಹಾಡುಗಾರಿಕೆ ಬಂದರೆ ಸಾಲದು, ರೋಗದ ಹಾಗೂ ಮನಸ್ಸಿನ ತಿಳಿವಳಿಕೆಯೂ ಬೇಕೆಂಬುದು ವೈದ್ಯರಿಗೆ ಮನವರಿಕೆಯಾಯಿತು. 1944ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಈ ವಿಷಯದ ಮೊದಲ ಪದವಿ ಶಿಕ್ಷಣ ಆರಂಭವಾಯಿತು. 1950ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘವೊಂದು ಸ್ಥಾಪನೆಗೊಂಡಿತು. ಇಂಗ್ಲೆಂಡಿನಲ್ಲಿ ಚೆಲ್ಲೋ ವಾದಕಿ ಜೂಲಿಯೆಟ್ ಆಲ್ವಿನ್ 1958ರಲ್ಲಿ ಇಂತಹುದೇ ಸಂಘವನ್ನು ಕಟ್ಟಿದರು. ಮರುವರ್ಷ, ಎಂದರೆ 1959ರಲ್ಲಿ, ಅಮೆರಿಕದ ಸಂಗೀತ ರಚನಕಾರ ಪಾಲ್ ನಾರ್ಡಾಫ್ ಮತ್ತು ವಿಶೇಷ ಮಕ್ಕಳ ಶಿಕ್ಷಕ ಕ್ಲೈವ್ ರಾಬಿನ್ಸ್ ಅವರು ಇಂಗ್ಲೆಂಡಿನ ಸನ್‌ಫೀಲ್ಡ್ ಎಂಬ ಮಕ್ಕಳ ನಿಲಯದಲ್ಲಿ ಜೊತೆಗೂಡಿದರು. ಮಾತೇ ಬಾರದ, ಯಾರ ಮುಖವನ್ನೂ ನೋಡದ ಮಗುವಿನ ಒಳಗೂ ನಾದಕ್ಕೆ ಓಗೊಡುವ ಒಂದು ಚೇತನ ಇದ್ದೇ ಇರುತ್ತದೆಂಬುದು ಅವರ ಕೆಲಸದ ತಳಹದಿಯಾಗಿತ್ತು. ಇಂದು ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದು, ಸರ್ಕಾರಿ ಕಾನೂನಿನಂತೆ ಹೆಸರು ನೋಂದಾಯಿಸದೆ ಯಾರೂ ತಮ್ಮನ್ನು ಸಂಗೀತ ಚಿಕಿತ್ಸಕರೆಂದು ಕರೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1200 ಗಂಟೆಗಳ ಪ್ರಾಯೋಗಿಕ ತರಬೇತಿಯ ನಿಯಮವಿದೆ.

ಆಸ್ಪತ್ರೆಯಿಂದ ಮನೆಗೆ

ವಾಸಿಯಾಗದ ಕಾಯಿಲೆಯ ಮಕ್ಕಳ ಆರೈಕೆಯ ಕಥೆ ಬೇರೊಂದು ದಾರಿಯಲ್ಲಿ ಬಂದಿದೆ. ಆಕ್ಸ್‌ಫರ್ಡಿನ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಎಂಬ ಕ್ರೈಸ್ತ ಸನ್ಯಾಸಿನಿಯವರಿಗೆ 1978ರಲ್ಲಿ ಹೆಲೆನ್ ಎಂಬ ಎಳೆಯ ಬಾಲಕಿಯ ಪರಿಚಯವಾಯಿತು. ಮೆದುಳಿನ ಗಡ್ಡೆಯಿಂದಾಗಿ ಆ ಮಗು ಸಂಪೂರ್ಣ ಪರಾವಲಂಬಿಯಾಗಿತ್ತು. ತಂದೆತಾಯಿಗಳು ಮನೆಯಲ್ಲಿಯೇ ಹಗಲಿರುಳು ನೋಡಿಕೊಳ್ಳುತ್ತಿದ್ದರು. ಅವರಿಗೆ ತುಸು ವಿಶ್ರಾಂತಿ ದೊರೆಯಲೆಂದು ಸನ್ಯಾಸಿನಿಯವರು ಆಗಾಗ ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಿದ್ದರು. ಆ ಗೆಳೆತನದಿಂದ ಮೂಡಿದ ಸಂಸ್ಥೆಯೇ 1982ರಲ್ಲಿ ತೆರೆದ ಹೆಲೆನ್ ಹೌಸ್. ಮಕ್ಕಳಿಗಾಗಿಯೇ ಸ್ಥಾಪಿತವಾದ ಜಗತ್ತಿನ ಮೊಟ್ಟಮೊದಲ ಹಾಸ್ಪಿಸ್.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಹಿರಿಯರ ಹಾಸ್ಪಿಸ್ ಎಂದರೆ ಬಹುಮಟ್ಟಿಗೆ ಅಂತ್ಯಕಾಲದ ಆಶ್ರಯ. ಮಕ್ಕಳದು ಹಾಗಲ್ಲ. ರೋಗ ಗೊತ್ತಾದ ದಿನದಿಂದ ಹಿಡಿದು ಎಷ್ಟೋ ವರ್ಷಗಳವರೆಗೆ ಕುಟುಂಬದ ಕೈಹಿಡಿದು ನಡೆಸುವುದು ಅದರ ಕೆಲಸ. ಮಗು ಇರಬಯಸುವುದು ಮನೆಯಲ್ಲಿ, ತಾಯಿಯ ಪಕ್ಕದಲ್ಲಿ. ಹಾಗಾಗಿ ದಾದಿಯರಂತೆಯೇ ಸಂಗೀತ ಚಿಕಿತ್ಸಕರೂ ಮನೆಗಳನ್ನು ಹುಡುಕಿಕೊಂಡು ಹೋಗುವ ಪದ್ಧತಿ ಬೆಳೆಯಿತು.

ಆಸ್ಪತ್ರೆಯಲ್ಲಿ ಮಗುವು ವೈದ್ಯರ ವಶದಲ್ಲಿರುತ್ತದೆ; ಮನೆಯಲ್ಲಿ ಚಿಕಿತ್ಸಕರೇ ಅತಿಥಿಗಳು. ಪಾದರಕ್ಷೆ ಎಲ್ಲಿ ಬಿಡಬೇಕು, ಎಲ್ಲಿ ಕೂಡಬೇಕು ಎಂಬುದನ್ನು ಮನೆಯವರು ಹೇಳುತ್ತಾರೆ. ಬಂದವರು ಮೊದಲು ಕೈ ತೊಳೆಯುತ್ತಾರೆ. ಕ್ಯಾನ್ಸರ್ ಔಷಧಗಳಿಂದ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಪ್ರತಿಯೊಂದು ವಾದ್ಯವನ್ನೂ ಒರೆಸಿ ಶುಚಿಗೊಳಿಸಿಯೇ ಅದರ ಕೈಗೆ ಕೊಡುತ್ತಾರೆ. ಒಂದು ಮಗು ಊದಿದ ಪೀಪಿಯನ್ನು ಇನ್ನೊಂದು ಮಗುವಿಗೆ ಕೊಡುವುದೇ ಇಲ್ಲ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧದಿಂದ ಬೆರಳುಗಳ ಹಿಡಿತ ಸಡಿಲವಾಗುವುದುಂಟು. ಅಂತಹ ಮಗುವಿಗೆ ಭಾರದ ತಾಳಗಳನ್ನು ಕೊಟ್ಟರೆ ಅದು ಕೆಳಗೆ ಬೀಳಿಸಿ ನೊಂದುಕೊಳ್ಳುತ್ತದೆ. ಮಣಿಕಟ್ಟಿಗೆ ಗೆಜ್ಜೆ ಕಟ್ಟಿದರೆ ಕೈ ಸ್ವಲ್ಪ ಅಲುಗಿದರೂ ನಾದ ಹೊಮ್ಮುತ್ತದೆ. ಇಷ್ಟು ಸಣ್ಣ ವಿಷಯವೇ ಎನ್ನಬಹುದು. ದಿನವಿಡೀ ಇತರರಿಂದ ಚುಚ್ಚಿಸಿಕೊಂಡು, ಒರೆಸಿಸಿಕೊಂಡು, ಹೊರಳಿಸಿಕೊಂಡು ಇರುವ ಮಗುವಿಗೆ ತಾನಾಗಿ ಮಾಡಬಲ್ಲ ಒಂದು ಕೆಲಸ ಸಿಕ್ಕುವುದು ಸಣ್ಣದಲ್ಲವೆಂದು ನಮ್ಮ ಭಾವನೆ.

ಉಸಿರಿನ ಲಯ

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿರಿ. ಆರು ವರ್ಷದ ಬಾಲಕ ನೋವಿನಿಂದ ಮುದುಡಿ ಮಲಗಿದ್ದಾನೆ. ಉಸಿರು ವೇಗವಾಗಿದೆ, ಹಣೆ ಗಂಟಿಕ್ಕಿದೆ. ಬಂದ ಚಿಕಿತ್ಸಕಿ ಮಧುರವಾದ ವಿಳಂಬದ ಹಾಡೊಂದನ್ನು ತೊಡಗಿದರೆ ಅದು ಅವನನ್ನು ಮುಟ್ಟುವುದಿಲ್ಲ. ಅವರು ಸುಮ್ಮನೆ ಕುಳಿತು ಅವನ ಎದೆಯ ಏರಿಳಿತವನ್ನು ನೋಡುತ್ತಾರೆ. ಆ ವೇಗಕ್ಕೆ ಸರಿಯಾಗಿ ತಂತಿಯನ್ನು ಮೀಟುತ್ತಾರೆ. ಬಾಲಕನ ಉಸಿರು ಮತ್ತು ನಾದ ಒಂದಾದ ಮೇಲೆ, ಗೊತ್ತಾಗದಷ್ಟು ನಿಧಾನವಾಗಿ ಲಯವನ್ನು ಇಳಿಸುತ್ತ ಬರುತ್ತಾರೆ. ಬಹಳ ಸಲ ಉಸಿರೂ ಅದರ ಹಿಂದೆ ಇಳಿಯುತ್ತದೆ. ರೋಗಿ ಇರುವ ಸ್ಥಿತಿಯಿಂದಲೇ ಹೊರಟು ಅವನನ್ನು ಜೊತೆಯಲ್ಲಿ ಕರೆದೊಯ್ಯುವ ಈ ಕ್ರಮವನ್ನು ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿಯೇ ವಿವರಿಸಿದ್ದರು. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಟ ಹಿಡಿದು ಅಳುವ ಕೂಸಿನ ತೊಟ್ಟಿಲನ್ನು ಮೊದಲು ಬಿರುಸಾಗಿ ತೂಗಿ, ಅಳು ತಗ್ಗಿದಂತೆ ತೂಗುವಿಕೆಯನ್ನೂ ಜೋಗುಳದ ದನಿಯನ್ನೂ ತಗ್ಗಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಜೋಗುಳದ ಮಾತು ಬಂದದ್ದರಿಂದ ಒಂದು ಸಂಶೋಧನೆಯನ್ನು ಹೇಳಬೇಕು. ಇದು ನಡೆದದ್ದು ಮನೆಗಳಲ್ಲಲ್ಲ, ಆಸ್ಪತ್ರೆಗಳಲ್ಲಿ. ನ್ಯೂಯಾರ್ಕಿನ ಜೋಆನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗರ್ಭದೊಳಗಿನ ಸದ್ದನ್ನು ಹೋಲುವ ವಾದ್ಯ, ಎದೆಬಡಿತವನ್ನು ಹೋಲುವ ವಾದ್ಯ, ತಂದೆತಾಯಿಗಳೇ ಆರಿಸಿದ ಹಾಡನ್ನು ಜೋಗುಳವಾಗಿ ಹಾಡುವುದು, ಈ ಮೂರನ್ನೂ ಅಲ್ಲಿ ಬಳಸಲಾಗಿತ್ತು. ಶಿಶುಗಳ ಎದೆಬಡಿತ ಶಾಂತವಾದದ್ದೂ, ಮನೆಯವರ ಹಾಡಿನಿಂದ ಹಾಲು ಕುಡಿಯುವಿಕೆ ಸುಧಾರಿಸಿದ್ದೂ ಕಂಡುಬಂದಿತು. ತಂದೆತಾಯಿಗಳ ಆತಂಕವೂ ಇಳಿದಿತ್ತು. ಆ ಹಾಡು ಪ್ರಸಿದ್ಧ ಜೋಗುಳವೇ ಆಗಿರಬೇಕಾಗಿರಲಿಲ್ಲ. ಆ ಮನೆತನಕ್ಕೆ ಸೇರಿದ್ದಾಗಿದ್ದರೆ ಸಾಕಾಗಿತ್ತು.

ಹಾಡುವುದಕ್ಕೂ ಹೊತ್ತುಗೊತ್ತುಗಳಿವೆ. ಸೂಜಿ ಚುಚ್ಚುವಾಗ, ವಾಂತಿ ಬರುವ ಔಷಧ ಕೊಡುವಾಗ ಮಗುವಿಗೆ ಪ್ರಾಣಪ್ರಿಯವಾದ ಹಾಡನ್ನೇ ಹಾಡುತ್ತ ಹೋದರೆ, ಆ ಹಾಡು ಕೇಳಿದೊಡನೆಯೇ ಹೊಟ್ಟೆ ತೊಳಸುವಂತಾಗುವ ಅಪಾಯವುಂಟು. ಆದ್ದರಿಂದ ಅಂತಹ ಸಮಯಕ್ಕೆಂದು ಬೇರೆ ಹಾಡುಗಳನ್ನಿಟ್ಟುಕೊಳ್ಳುತ್ತಾರೆ. ಬಹಳ ನಿಶ್ಶಕ್ತವಾದ ಮಗುವಿಗೆ ಹತ್ತು ನಿಮಿಷವೇ ಹೆಚ್ಚು. ಬೇಡವೆಂದು ಅದು ತಲೆಯಾಡಿಸಿದರೆ ಚಿಕಿತ್ಸಕಿ ವಾದ್ಯವನ್ನು ಚೀಲಕ್ಕೆ ಸೇರಿಸಿ ಎದ್ದುಬಿಡುತ್ತಾರೆ. ಔಷಧವನ್ನು ಬೇಡವೆನ್ನುವ ಹಕ್ಕು ಮಗುವಿಗಿಲ್ಲ, ಹಾಡನ್ನಾದರೂ ಬೇಡವೆನ್ನಬಹುದು.

ಮಕ್ಕಳಿಗೆ ಗೊತ್ತಿರುತ್ತದೆ

ಮನೆಯವರಿಗೆ ಅತಿ ಕಠಿಣವಾದ ಪ್ರಶ್ನೆ ಬೇರೆಯೇ ಇದೆ. ರೋಗದ ನಿಜಸ್ಥಿತಿಯನ್ನು ಮಗುವಿಗೆ ತಿಳಿಸಬೇಕೋ ಬೇಡವೋ? ನಮ್ಮ ಮನೆಗಳಲ್ಲಿ ತಿಳಿಸದಿರುವುದೇ ರೂಢಿ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅವರು ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿನ ಪುಟ್ಟ ಮಕ್ಕಳ ನಡುವೆ ಇದ್ದು ಅಧ್ಯಯನ ಮಾಡಿ 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಾವು ಬದುಕುವುದಿಲ್ಲವೆಂಬುದು ತಿಳಿದಿತ್ತು. ತಂದೆತಾಯಿಗಳು ನೊಂದಾರೆಂದು ಅವರೇ ತಿಳಿಯದವರಂತೆ ನಟಿಸುತ್ತಿದ್ದರು! ಮಗುವನ್ನು ಕಾಪಾಡಲೆಂದು ಹಿರಿಯರ ಮೌನ, ಹಿರಿಯರನ್ನು ಕಾಪಾಡಲೆಂದು ಮಗುವಿನ ಮೌನ. ಒಂದೇ ಕೋಣೆಯಲ್ಲಿದ್ದು ಇಬ್ಬರೂ ಒಂಟಿಗಳು.

ಇಂತಹ ಕಡೆ ಹಾಡು ಸಂದಿಯೊಂದನ್ನು ತೆರೆಯುತ್ತದೆ. ಪರಿಚಿತ ಹಾಡಿನ ಧಾಟಿಯನ್ನು ಉಳಿಸಿಕೊಂಡು ಮಾತುಗಳನ್ನು ಮಗುವೇ ತುಂಬುವಂತೆ ಚಿಕಿತ್ಸಕಿ ಬಿಟ್ಟುಕೊಡುತ್ತಾರೆ. ಒಂದು ಮಗು ಆಸ್ಪತ್ರೆಯ ಅನ್ನವನ್ನು ಬೈದು ಹಾಡು ಕಟ್ಟುತ್ತದೆ. ಇನ್ನೊಂದು, ತನ್ನ ನಾಯಿಮರಿಯನ್ನು ಇನ್ನು ಮೇಲೆ ಯಾರು ನೋಡಿಕೊಳ್ಳಬೇಕೆಂದು ಹಾಡಿನಲ್ಲಿ ಕೇಳುತ್ತದೆ. ತಾಯಿ ಅದನ್ನು ಕೇಳಿಸಿಕೊಳ್ಳುತ್ತಾಳೆ. ಮನೆಯವರು ತಿಳಿಸದಿರುವುದನ್ನು ಚಿಕಿತ್ಸಕಿ ತಾವಾಗಿ ತಿಳಿಸುವಂತಿಲ್ಲ; ಮಗು ನೇರವಾಗಿ ಕೇಳಿದಾಗ ಸುಳ್ಳಾಡುವಂತೆಯೂ ಇಲ್ಲ. ಈ ಎರಡರ ನಡುವೆ ನಡೆಯುವುದಕ್ಕೆ ಎಷ್ಟು ತರಬೇತಿ ಇದ್ದರೂ ಸಾಲದು. ಆದುದರಿಂದಲೇ ಬ್ರಿಟನ್ನಿನಲ್ಲಿ ಪ್ರತಿಯೊಬ್ಬ ಚಿಕಿತ್ಸಕರೂ ತಮಗಿಂತ ಅನುಭವಿಗಳಾದವರ ಮುಂದೆ ಕುಳಿತು ತಮ್ಮ ಕೆಲಸವನ್ನು ನಿಯತವಾಗಿ ನಿವೇದಿಸಿಕೊಳ್ಳುವ ಏರ್ಪಾಡಿದೆ.

ಒಡಹುಟ್ಟಿದವರನ್ನೂ ಮರೆಯುವುದಿಲ್ಲ. ಅಣ್ಣನ ಕಾಯಿಲೆಯಿಂದ ತಂಗಿಯ ಹುಟ್ಟುಹಬ್ಬ, ಶಾಲೆಯ ನಾಟಕ ಎಲ್ಲವೂ ಮೂಲೆ ಸೇರಿರುತ್ತವೆ. ಹಾಸಿಗೆಯ ಮೇಲಿನ ಅಣ್ಣ ಗೆಜ್ಜೆ ಅಲುಗಿಸಿದಾಗ ತಂಗಿ ಡೋಲು ಬಾರಿಸಬೇಕು, ಅವನು ನಿಲ್ಲಿಸಿದಾಗ ನಿಲ್ಲಿಸಬೇಕು. ರೋಗ ಬರುವ ಮುನ್ನ ಅವರಿಬ್ಬರೂ ಆಡುತ್ತಿದ್ದ ಆಟವೊಂದು ಹೀಗೆ ಮರಳಿ ಬರುತ್ತದೆ.

ಅಂತ್ಯಕಾಲ ಸಮೀಪಿಸಿದಾಗ ಮಗು ಕಣ್ಣು ತೆರೆಯದಿದ್ದರೂ ಹಾಡು ನಿಲ್ಲುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಹೊಸ್ತಿಲಲ್ಲಿ ಪ್ರಜ್ಞೆ ತಪ್ಪಿದ್ದ ಕೆಲವರ ಮೆದುಳು ಧ್ವನಿಗಳಿಗೆ ಪ್ರತಿಸ್ಪಂದಿಸುತ್ತಿದ್ದುದು ದಾಖಲಾಯಿತು. ಅವರೆಲ್ಲ ವಯಸ್ಕರು, ಕೇಳಿದ್ದು ಅರ್ಥವಾಗುತ್ತಿತ್ತೆಂದು ಹೇಳಲಾಗದು. ಆದರೂ ಮಗುವಿನ ಕಿವಿಯ ಬಳಿ ಏನನ್ನು ಆಡಬೇಕು, ಏನನ್ನು ಆಡಬಾರದು ಎಂಬುದಕ್ಕೆ ಇಷ್ಟು ತಿಳಿದರೆ ಸಾಕು. ಕೆಲವು ಆಸ್ಪತ್ರೆಗಳಲ್ಲಿ ಮಗುವಿನ ಎದೆಬಡಿತವನ್ನು ಧ್ವನಿಮುದ್ರಿಸಿ, ಆ ಬಡಿತವನ್ನೇ ತಾಳವಾಗಿಟ್ಟುಕೊಂಡು ಹಾಡು ಸಂಯೋಜಿಸಿ ಮನೆಯವರಿಗೆ ಕೊಡುವ ಪದ್ಧತಿಯೂ ಇದೆ.

ನಮ್ಮಲ್ಲಿ

ಈಗ ಮೊದಲು ಸೂಚಿಸಿದ ವಿಚಾರ. ಇಂತಹ ರಾಗ ಕೇಳಿದರೆ ಇಂತಹ ರೋಗ ವಾಸಿ ಎಂಬ ಪಟ್ಟಿಗಳು ನಮ್ಮಲ್ಲಿ ಕೈಯಿಂದ ಕೈಗೆ ಹರಿದಾಡುತ್ತಿವೆ, ಧ್ವನಿಮುದ್ರಿಕೆಗಳೂ ಮಾರಾಟವಾಗುತ್ತಿವೆ. ರಾಗಗಳ ಮಹಿಮೆಯಲ್ಲಿ ನಮಗೆ ಅಪಾರ ಗೌರವವಿದೆ. ಆದರೆ ಯಾವ ರಾಗವೂ ರಕ್ತದ ಕ್ಯಾನ್ಸರನ್ನು ಗುಣಪಡಿಸಿದ ದಾಖಲೆಯಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಸಂಗೀತದಿಂದಾಗುವ ಪ್ರಯೋಜನವನ್ನು ಕುರಿತ 81 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2021ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ವಯಸ್ಕರಲ್ಲಿ ಆತಂಕ, ನೋವು, ಆಯಾಸಗಳು ತಗ್ಗಬಹುದೆಂದು ಕಂಡಿತು. ಮಕ್ಕಳ ಮೇಲಿನ ಪ್ರಯೋಗಗಳು ಅವುಗಳಲ್ಲಿ ಕೇವಲ 7. ಗುಣಪಡಿಸುವ ಮಾತು ಎಲ್ಲಿಯೂ ಇಲ್ಲ. ಆಸ್ಪತ್ರೆಯ ಔಷಧ ಬಿಡಿಸಿ ನಾದದಿಂದ ಗುಣಪಡಿಸುತ್ತೇನೆಂದು ಬರುವವರಿಗೆ ತಂದೆತಾಯಿಗಳು ಬಾಗಿಲಲ್ಲಿಯೇ ಕೈಮುಗಿಯುವುದು ಲೇಸು. ಮಕ್ಕಳ ರಕ್ತದ ಕ್ಯಾನ್ಸರುಗಳಲ್ಲಿ ಬಹಳಷ್ಟು ಇಂದು ಸಕಾಲದ ಚಿಕಿತ್ಸೆಯಿಂದ ವಾಸಿಯಾಗುತ್ತವೆ. ಕಳೆದುಕೊಂಡ ತಿಂಗಳುಗಳು ಮರಳಿ ಬಾರವು.

ನೋವಿಗೂ ಔಷಧವೇ ಬೇಕು. ಮಾರ್ಫಿನ್ ಎಂದರೆ ಹೆದರುವವರು ನಮ್ಮಲ್ಲಿ ಇನ್ನೂ ಹಲವರು. ವೈದ್ಯರ ಅಳತೆಯಲ್ಲಿ ಅದನ್ನು ಮಕ್ಕಳಿಗೂ ಕೊಡಬಹುದು. ಅದು ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಕೇಂದ್ರದ ಕಾಯಿದೆಗೆ ತಿದ್ದುಪಡಿಯಾಯಿತು. ನೋವು ತಗ್ಗದೆ ಯಾವ ಹಾಡೂ ಒಳಗೆ ಇಳಿಯಲಾರದು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. 1994ರಲ್ಲಿ ಹುಟ್ಟಿದ ವಿಶ್ವಸ್ತ ಮಂಡಳಿಯ ಕರುಣಾಶ್ರಯವು ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ತರಬೇತಿ ಪಡೆದ ಸಂಗೀತ ಚಿಕಿತ್ಸಕರು ನಮ್ಮ ನಾಡಿನಲ್ಲಿ ಬಹಳ ವಿರಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಾಲಯವೊಂದು ಇದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡದ್ದನ್ನು ನಮ್ಮ ಓದುಗರು ಬಲ್ಲರು. ಅದು ವಿದ್ಯೆ, ಅಲ್ಲಿ ಶ್ರುತಿ ತಪ್ಪಿದರೆ ತಿದ್ದಬೇಕು. ಹಾಸಿಗೆ ಹಿಡಿದ ಮಗುವಿನ ಬಳಿ ತಿದ್ದುವ ಮಾತಿಲ್ಲ. ಆದ್ದರಿಂದ ಮನೆಯಲ್ಲಿ ಹಾಡಬಲ್ಲ ಅಜ್ಜಿಯಿದ್ದರೆ, ಪೇಟಿ ನುಡಿಸುವ ಸೋದರಮಾವನಿದ್ದರೆ, ಚಿಕಿತ್ಸಕರಿಗಾಗಿ ಕಾಯಬೇಕಾಗಿಲ್ಲ. ವಚನವಾಗಲಿ, ಬೀಸುಕಲ್ಲಿನ ಪದವಾಗಲಿ, ಮಗು ಮೆಚ್ಚಿದ ಸಿನಿಮಾ ಹಾಡಾಗಲಿ, ಆರಿಸಬೇಕಾದುದು ಮಗುವೇ. ದೂರದರ್ಶನವನ್ನು ಆರಿಸಿ, ಹಾಸಿಗೆಯ ಮಟ್ಟಕ್ಕೆ ಕುಳಿತು, ಸಣ್ಣ ದನಿಯಲ್ಲಿ ಒಂದೇ ಹಾಡನ್ನು ಹಾಡಬೇಕು. ಮಗುವಿನ ಉಸಿರನ್ನು ನೋಡುತ್ತಿರಬೇಕು. ಅದು ಮುಖ ತಿರುಗಿಸಿದರೆ ನಿಲ್ಲಿಸಿ, ಮರುದಿನ ಅದೇ ಹೊತ್ತಿಗೆ ಹೋಗಿ, ಇವತ್ತು ಹಾಡಲೇನಪ್ಪ ಎಂದು ಮತ್ತೊಮ್ಮೆ ಕೇಳಬೇಕು.